ಗಿಡ್ಡಪ್ಪನ ಕಾಡು

ಗೋಡೆಗೆ ಆನಿಸಿ ಕೂರಿಸಿದ್ದ ಹೆಣ ಮೂರನೆಯ ಸಲ ಎಡಕ್ಕೆ ವಾಲಿತು.

"ಹಿಡೀರಲೇ, ಹಿಡೀರಿ!" ಎಂದು ಪಡಸಾಲೆಯಲ್ಲಿದ್ದವರು ಕೂಗಿದರು. ಮಗ ಕನಕರಾಯ ಓಡಿಬಂದು ತಂದೆಯ ಭುಜಕ್ಕೆ ಕೈ ಕೊಟ್ಟ. ಯಾರೋ ಜೋಳದ ಚೀಲ ತಂದು ಎಡಗಡೆ ಒತ್ತರಿಸಿದರು. ಇನ್ನೊಬ್ಬರು ಗೋಡೆಯ ಗೂಟಕ್ಕೆ ರುಮಾಲು ಕಟ್ಟಿ, ಅದರ ತುದಿಯನ್ನು ಗಿಡ್ಡಪ್ಪನ ಎದೆಗೆ ಸುತ್ತಿ ಬಿಗಿದರು. ಹಣೆತುಂಬ ಭಂಡಾರ, ಹೆಗಲ ಮೇಲೆ ಕರಿಕಂಬಳಿ, ಗದ್ದದಿಂದ ನೆತ್ತಿಗೆ ಒಂದು ಬಿಳಿ ಪಟ್ಟಿ. ಐವತ್ತನಾಲ್ಕು ವರ್ಷದ ಕುರಿಗಾರ ಕೊನೆಗೂ ನೆಟ್ಟಗೆ ಕುಳಿತ.

"ಗದ್ದಾ ಗಟ್ಟ್ಯಾಗಿ ಕಟ್ಟಿರಿಲ್ಲೋ? ಬಾಯಿ ಬಿಟ್ರ ಮತ್ತ ಕಾಡಿನ ಸುದ್ದಿ ಸುರು ಹಚ್ಚಿಗೊಂಡಾನು," ಎಂದ ಒಬ್ಬ ಮುದುಕ. ನಾಲ್ಕೈದು ಮಂದಿ ನಕ್ಕರು. ನಮ್ಮ ಕಡೆ ಸತ್ತ ಮನೆಯಲ್ಲಿ ನಗುವುದು ತಪ್ಪಲ್ಲ. ಬದುಕಿದ್ದವನನ್ನು ನೋಡಿ ನಕ್ಕವರಿಗೆ ಸತ್ತವನನ್ನು ನೋಡಿ ನಗುವುದಂತೂ ಇನ್ನೂ ಸಲೀಸು.

ಹೆಣದ ಬಲಗಡೆ ಕುಳಿತಿದ್ದ ಹೆಂಡತಿ ಯಮನೂರಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಬೆಳಗಿನಿಂದ ಆಕೆಯ ಬಾಯಿಂದ ಒಂದು ಮಾತು ಹೊರಟಿರಲಿಲ್ಲ.

ಓಣಿಯಲ್ಲಿ ಹಿರಿಯಳಾದ ಸೂಗಮ್ಮ ಹತ್ತಿರ ಸರಿದು ಕೂತಳು. ಯಾರ ಮನೆಯಲ್ಲಿ ಸಾವಾದರೂ ಅಳುವುದಕ್ಕೆ ಮುಂದಾಳು ಆಕೆಯೇ. "ಹಾಡ್ಯಾಡಿ ಅಳಬೇ ಯಮನೂರಿ. ಹೊತ್ತೇರಿತು. ನೀ ಬಾಯಿ ತೆಗೀದ ನಾವ್ ಹ್ಯಾಂಗ ಎತ್ತಿಗೊಳ್ಳೂಣು? ಮಂದಿ ಏನಂದಾರು?"

ಮಂದಿ ಏನನ್ನುತ್ತಾರೆಂದು ಯಮನೂರಮ್ಮನಿಗೆ ಗೊತ್ತಿತ್ತು. ಗಂಡ ಸತ್ತರೆ ಹೆಂಡತಿ ಸುಮ್ಮನೆ ಕಣ್ಣೀರು ಸುರಿಸಿದರೆ ಇಲ್ಲಿ ಸಾಲದು. ಹೆಣದ ಮುಂದೆ ಕೂತು ಅವನ ಬಾಳನ್ನು ಹಾಡಿ ಹೇಳಬೇಕು. ಏನು ಉಂಡ, ಯಾವ ಸಂತೆಯಿಂದ ಏನು ತಂದ, ಯಾವ ಮಳೆಯಲ್ಲಿ ಯಾವ ಮರಿ ಹೊತ್ತುಕೊಂಡು ಬಂದ, ಎಲ್ಲವನ್ನೂ. ಆಕೆ ಒಂದು ಸಾಲು ಎಳೆದರೆ ಉಳಿದ ಹೆಂಗಸರು ಅದರ ಕೊನೆ ಹಿಡಿದು ಅಳುತ್ತಾರೆ. ಹಾಡದ ಹೆಂಡತಿಯ ಸಂಸಾರದಲ್ಲಿ ಏನೋ ಹುಳುಕಿತ್ತು ಎಂದೇ ಲೆಕ್ಕ.

ಹಾಡಲು ಆಕೆಗೆ ಮನಸ್ಸಿರಲಿಲ್ಲವೆಂದಲ್ಲ. ಮನಸ್ಸಿನಲ್ಲಿ ಮದುವೆಯ ದಿನದಿಂದ ಶುರು ಮಾಡಿ ನೋಡಿದ್ದಳು. ಪಲ್ಟನ್ನಿಗೆ ಹೋದದ್ದು, ತಿರುಗಿ ಬಂದದ್ದು, ಮಗ ಹುಟ್ಟಿದ್ದು ಎಲ್ಲ ಸರಾಗವಾಗಿ ಬರುತ್ತಿತ್ತು. ಹದಿನೈದು ವರ್ಷದ ಹಿಂದಿನ ಒಂದು ಮುಂಜಾನೆಗೆ ಬಂದರೆ ಹಾಡು ಮುಂದೆ ಸಾಗುತ್ತಿರಲಿಲ್ಲ. ಆ ಮುಂಜಾನೆ ಅವಳು ಊರ ಮುಂದೆ ನಕ್ಕಿದ್ದಳು. ಆ ನಗುವನ್ನು ದಾಟದೆ ಗಂಡನ ಬಾಳನ್ನು ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಅಂಗಳದ ತುದಿಯಲ್ಲಿ, ಕೊಟ್ಟಿಗೆಯ ಕಂಬ ಹಿಡಿದು ಕೂಲಿಯ ಆದಮ್ಮ ನಿಂತಿದ್ದಳು. ಕಾಲಿಗೆ ಇನ್ನೂ ಗದ್ದೆಯ ಕೆಸರಿತ್ತು. ಹದಿನೈದು ವರ್ಷದಲ್ಲಿ ಆದಮ್ಮ ಈ ಅಂಗಳಕ್ಕೆ ಕಾಲಿಟ್ಟದ್ದು ಇದೇ ಮೊದಲು.

*

ಯುದ್ಧದ ಕಾಲ. ಕುರಿಗಳಿಗೆ ಬೇನೆ ಬಂದು ಹಟ್ಟಿಯೇ ಖಾಲಿಯಾದ ವರ್ಷ ಗಿಡ್ಡಪ್ಪ ರಾಯಚೂರಿಗೆ ಹೋಗಿ ಪಲ್ಟನ್ನಿಗೆ ಭರ್ತಿಯಾದ. ಜೊತೆಗೆ ಮಸ್ಕಿಯ ಇಸ್ಮಾಯಿಲ್‌ಸಾಬ್ ಇದ್ದ. ಬಂದೂಕು ಹಿಡಿಯುವ ಕೆಲಸ ಅಲ್ಲ, ಸಾಮಾನು ಹೊರುವ ಹೇಸರಗತ್ತೆ ಹೊಡೆಯುವ ಕೆಲಸ. ಇಬ್ಬರನ್ನೂ ಬರ್ಮಾ ದೇಶದ ಕಾಡಿಗೆ ಹಾಕಿದರು. ಮೂರು ವರ್ಷ ಕಳೆದು ಗಿಡ್ಡಪ್ಪ ಊರಿಗೆ ಬಂದಾಗ ಅವನ ಬಳಿ ಇದ್ದದ್ದು ಒಂದು ಟ್ರಂಕು, ಮೈತುಂಬ ಚಳಿಜ್ವರ ಮತ್ತು ಆ ಕಾಡು.

ಗುಡಿಯ ಕಟ್ಟೆಯ ಮೇಲೆ ಸಂಜೆ ಹೊತ್ತು ಅದನ್ನೇ ಹೇಳುತ್ತಿದ್ದ. ಅಲ್ಲಿ ಆಕಾಶ ಕಾಣುವುದಿಲ್ಲ. ಇಪ್ಪತ್ತು ದಿನ ನಡೆದರೂ ಒಂದು ಹೊಲ ಸಿಗುವುದಿಲ್ಲ. ಬೆಟ್ಟಗಳು ಕೈಬೆರಳು ಚಾಚಿದ ಹಾಗೆ ಬಡಗಣದಿಂದ ತೆಂಕಣಕ್ಕೆ ಸಾಲು ಹಿಡಿದಿವೆ, ಎರಡು ಬೆರಳ ಸಂದಿಗೆ ಒಂದು ಹೊಳೆ. ಮುಂಜಾನೆ ಹತ್ತಲು ಶುರು ಮಾಡಿದರೆ ಇಳಿದು ಮುಗಿಸುವಾಗ ಕತ್ತಲೆ. ತಿರುಗಿ ನೋಡಿದರೆ ನಿನ್ನೆ ಬಿಟ್ಟ ಜಾಗ ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ. ದಾರಿ ಮಾಡಿದ್ದು ಮನುಷ್ಯರಲ್ಲ, ಆನೆಗಳು. ಒಂದೊಂದು ಮರದ ಬೇರು ಗೋಡೆಯಂತೆ ಎದ್ದು ನಿಂತಿರುತ್ತದೆ. ಎರಡು ಬೇರಿನ ನಡುವೆ ಹತ್ತು ಕುರಿ ಕೂಡಿಹಾಕಬಹುದು. ಎಲೆಯೆಲೆಯಲ್ಲೂ ಜಿಗಣೆ ಮೂತಿ ಎತ್ತಿಕೊಂಡು ಕಾದಿರುತ್ತದೆ.

"ಆಕಾಶ ಇಲ್ಲಂದ್ರ ಮಳಿ ಎಲ್ಲಿಂದ ಬರ್ತೈತಲೇ?" ಎಂದು ಯಾರಾದರೂ ಕೆಣಕುತ್ತಿದ್ದರು.

"ಗಿಡದಿಂದ. ಮ್ಯಾಲ ಮಳಿ ನಿಂತು ತಾಸಾದ್ರೂ ಕೆಳಗ ಹನೀತಿರ್ತೈತಿ."

ನಗು ಏಳುತ್ತಿತ್ತು. ತಪ್ಪು ಯಾರದೂ ಅಲ್ಲ ಬಿಡಿ. ಕಾಲುವೆ ಬರುವ ಮುಂಚಿನ ಈ ನೆಲ ನೋಡಿದವರಿಗೆ ಗೊತ್ತು. ಕಣ್ಣು ಹಾಯುವಷ್ಟು ಕರಿ ಎರೆಮಣ್ಣು, ಅಲ್ಲೊಂದು ಇಲ್ಲೊಂದು ಜಾಲಿ. ಹನುಮಪ್ಪನ ಗುಡಿಯ ಹಿಂದಿನ ಬೇವಿಗಿಂತ ಎತ್ತರದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಗಿಡ್ಡಪ್ಪ ಹೇಳಿದ ಕಾಡು ಹಿಡಿಸಬೇಕಾದರೆ ಆ ತಲೆಗಳಲ್ಲಿ ಜಾಗ ಇರಬೇಕಲ್ಲ. ಸುಳ್ಳಿನ ಗಿಡ್ಡಪ್ಪ ಎಂದು ಹೆಸರಿಟ್ಟರು. ಪ್ರೀತಿಯಿಂದಲೇ ಇಟ್ಟರು, ಅವನೂ ಬೇಸರ ಮಾಡಿಕೊಳ್ಳಲಿಲ್ಲ. ಯಮನೂರಮ್ಮನೂ ಅದನ್ನು ಅರ್ಧ ನಂಬಿ ಅರ್ಧ ಬಿಟ್ಟಿದ್ದಳು. ಗಂಡಸು ದೂರ ಹೋಗಿ ಬಂದರೆ ಒಂದಕ್ಕೆ ಎರಡು ಸೇರಿಸುತ್ತಾನೆ ಎಂದುಕೊಂಡಿದ್ದಳು.

ಐವತ್ತೇಳರಲ್ಲಿ ನೀರು ಊರ ಹತ್ತಿರ ಬಂತು. ಯಾವ ಹೊಲಕ್ಕೆ ಎಲ್ಲಿ ನೀರು ಬಿಡುವ ತೂಬು ಇಡಬೇಕೆಂದು ಕಾಲುವೆಯ ಮೇಸ್ತ್ರಿ ಗುರುತು ಹಾಕುತ್ತ ಬರುತ್ತಿದ್ದ. ಆದಮ್ಮನ ಗಂಡ ಸತ್ತು ಆಗ ಎಂಟು ತಿಂಗಳು. ಅವಳ ಮೂರೆಕರೆ ಹೊಲ ಬಾಲಪ್ಪಗೌಡರ ಹೊಲಕ್ಕೆ ಹತ್ತಿಕೊಂಡಿತ್ತು, ತೂಬು ಬೀಳುವ ಜಾಗ ಅವಳ ಎಲ್ಲೆಯ ಒಳಗೇ ಇತ್ತು. ಒಂದು ನಸುಕಿನಲ್ಲಿ, ಕೊಯ್ದ ಹೊಲದಲ್ಲಿ ಕುರಿ ತರುಬಿ ಮಲಗಿದ್ದ ಗಿಡ್ಡಪ್ಪ ಸದ್ದಿಗೆ ಎದ್ದು ಕೂತ. ಗೌಡರ ಇಬ್ಬರು ಆಳುಗಳು ಹಾರೆಯಿಂದ ಎಲ್ಲೆಕಲ್ಲು ಮೀಟಿ ತೆಗೆದು, ಆದಮ್ಮನ ಹೊಲದೊಳಕ್ಕೆ ಮೂವತ್ತು ಹೆಜ್ಜೆ ಹೊತ್ತು ನಡೆದು ನೆಟ್ಟರು. ಹೆಜ್ಜೆಗಳನ್ನು ಅವನು ಎಣಿಸಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಮೇಲೆ ಆದಮ್ಮನಿಗೆ ಹೇಳಿದ. ಪಂಚರು ಸೇರಿದರು.

*

ಗುಡಿಯ ಮುಂದೆ ಇಡೀ ಊರು ಕೂತಿತ್ತು. ಹೆಂಗಸರು ಕೊಡ ಇಟ್ಟುಕೊಂಡು ಗೋಡೆ ಬದಿಗೆ ನಿಂತಿದ್ದರು. ಬಾಲಪ್ಪಗೌಡರು ಸಿಟ್ಟಾಗುವ ಮನುಷ್ಯರಲ್ಲ. ನಗುತ್ತಲೇ ಅಂದರು.

"ಗಿಡ್ಡಪ್ಪ ದೇಶಾ ನೋಡಿ ಬಂದಾವ. ಕಲ್ಲಿನ ಮಾತು ಆಮ್ಯಾಲ ಕೇಳೂಣು. ಮೊದಲ ಆ ಕಾಡಿನ ಹಕ್ಕಿ ಸುದ್ದಿ ಹೇಳೋ. ಪಂಚರು ಕೇಳಿಲ್ಲ."

ಗಿಡ್ಡಪ್ಪ ಮಾಡಿದ ತಪ್ಪು ಇಷ್ಟೇ: ಅವರು ನಿಜವಾಗಿ ಕೇಳುತ್ತಿದ್ದಾರೆ ಎಂದುಕೊಂಡ. ಅವನ ಜೀವನದಲ್ಲಿ ಇಡೀ ಊರು ಬಾಯಿ ಮುಚ್ಚಿ ಅವನ ಕಡೆ ನೋಡಿದ್ದು ಅದೇ ಮೊದಲು. ಹೆಗಲ ಕಂಬಳಿ ಸರಿಮಾಡಿಕೊಂಡು ಎದ್ದು ನಿಂತ.

"ಹೆಣ್ಣಹಕ್ಕಿ ಮರದ ಪೊಟರ್‍ಯಾಗ ತತ್ತಿ ಇಡ್ತೈತ್ರಿ. ಆಮ್ಯಾಲ ಒಳಗ ಕುಂತು ಪೊಟರಿ ಬಾಯಿಗೆ ಮಣ್ಣ ಮೆತ್ತಿಗೊಂಡು ಬಾಗಲಾ ಮುಚ್ಚಿಬಿಡ್ತೈತಿ. ಕೊಕ್ಕು ಹಿಡಿಯೂವಷ್ಟು ಸೀಳು, ಅಷ್ಟ. ಗಂಡಹಕ್ಕಿ ಮೂರ್ ತಿಂಗಳತನಕ ಹಣ್ಣು ತಂದು ತಂದು ಆ ಸೀಳಿನ್ಯಾಗ ಉಣಸ್ತೈತ್ರಿ. ಅದು ಹಾರಿದ್ರ ಬಂಡಿ ಹೋದಂಗ ಸಪ್ಪಳ."

"ಗಂಡಹಕ್ಕಿ ಸತ್ತರ?"

"ಸತ್ತರ ಒಳಗಿನವೂ ಸಾಯ್ತಾವ್ರಿ."

ಜನ ಬಿದ್ದು ಬಿದ್ದು ನಕ್ಕರು. ಗೌಡರು ಕೈಯೆತ್ತಿ ಸುಮ್ಮನಿರಿಸಿ, "ಹೇಸರಗತ್ತಿ ಸುದ್ದಿನೂ ಹೇಳೋ," ಎಂದರು.

"ವೈರಿಗಳಿಗೆ ಕೇಳಬಾರ್ದು ಅಂತ ಅವುಗಳ ಗಂಟಲಾಗ ಕೊಯ್ದಿದ್ರು. ಸಾಯಂಗಿಲ್ರಿ. ಬಾಯಿ ತೆಗೀತಾವ, ದನಿ ಬರಂಗಿಲ್ಲ." ಅವನಿಗೆ ಹುರುಪು ಬಂದಿತ್ತು, ಕೇಳದೆ ಮುಂದುವರಿಸಿದ. "ಕೊಳತ ಕಟ್ಟಿಗಿ ಕತ್ತಲದಾಗ ಮಿಣಿಮಿಣಿ ಹೊಳೀತಿತ್ರಿ. ಅದರ ಚೂರು ಮುಂದಿನವನ ಬೆನ್ನಿಗೆ ಸಿಗಿಸಿ, ಅದನ್ನ ನೋಡಿಕೋತ ಹಿಂದಿನಾಂವ ನಡೀಬೇಕು."

"ಇದಕ್ಕ ಸಾಕ್ಷಿ?"

"ಮಸ್ಕಿ ಇಸ್ಮಾಯಿಲ್‌ಸಾಬನ್ನ ಕೇಳ್ರಿ. ಇಬ್ಬರೂ ಕೂಡೇ ಇದ್ವಿ."

ಮಸ್ಕಿಗೆ ಆಳು ಹೋದ. ಮರುದಿನ ಮುಂಜಾನೆ ಪಂಚರು ಮತ್ತೆ ಕೂತಾಗ ಬಂದು ಒಪ್ಪಿಸಿದ. "ಸಾಬ ಅಂತಾನ, ನಾ ಪುಣೇದಾಗ ರೊಟ್ಟಿ ಬಡಕೊಂಡಿದ್ದೆ, ಕಾಡೂ ನೋಡಿಲ್ಲ, ಗಿಡ್ಡಪ್ಪನ್ನೂ ನೋಡಿಲ್ಲ ಅಂತ."

ಗಿಡ್ಡಪ್ಪನ ಮುಖ ಆಗ ಹೇಗಿತ್ತೆಂದು ಯಮನೂರಮ್ಮ ಸಾಯುವತನಕ ಮರೆಯಲಾರಳು. ಗೌಡರು ಅಷ್ಟಕ್ಕೆ ಬಿಡಲಿಲ್ಲ. ಗೋಡೆ ಕಡೆಗೆ ತಿರುಗಿದರು.

"ಮಂದಿ ಬ್ಯಾಡ, ಹೆಣ್ತಿನ್ನ ಕೇಳೂಣು. ಏನಬೇ ಯಮನೂರವ್ವಾ, ಹೆಣ್ತಿನ್ನ ಗಿಡದಾಗ ಹೂಳಿ ಹಣ್ಣ ತಿನ್ನಸೂ ಹಕ್ಕಿ. ನೀ ನಂಬ್ತೀಯೇನು?"

ಎಲ್ಲರ ಕಣ್ಣು ತನ್ನ ಮೇಲೆ. ಅವರ ಕುರಿ ಮೇಯುವುದು ಗೌಡರ ಕೂಳೆ ಹೊಲದಲ್ಲಿ. ಪಕ್ಕದವಳು ಆಗಲೇ ಸೆರಗು ಬಾಯಿಗೆ ಹಿಡಿದು ಕಿಸಕ್ಕೆಂದಿದ್ದಳು. ಯಮನೂರಮ್ಮನಿಗೂ ನಗು ಬಂತು. ಹೆದರಿಕೆಯಿಂದ ಬಂತೋ ನಾಚಿಕೆಯಿಂದ ಬಂತೋ, ಬಂದದ್ದು ನಗುವೇ.

"ನಾ ಏನ್ ಕಂಡೀನ್ರೀ? ಅಂವ ಹೇಳ್ತಾನ, ನಾ ಕೇಳ್ತೀನಿ," ಎಂದಳು.

ಅಲ್ಲಿಗೆ ಮುಗಿಯಿತು. ಹೊಳೆಯುವ ಕಟ್ಟಿಗೆ ಕಂಡ ಕಣ್ಣಿಗೆ ಓಡಾಡುವ ಕಲ್ಲು ಕಂಡರೆ ಅಚ್ಚರಿಯೇನು ಎಂದರು ಪಂಚರು. ಕಚೇರಿಯಿಂದ ನಕ್ಷೆ ತರಿಸುವ ಮಾತು ಯಾರೂ ಎತ್ತಲಿಲ್ಲ, ನೀರು ಬರಲು ಹದಿನೈದು ದಿನ ಉಳಿದಿತ್ತು. ಕಲ್ಲು ನೆಟ್ಟಲ್ಲಿಯೇ ನಿಂತಿತು, ತೂಬು ಗೌಡರ ಪಾಲಾಯಿತು. ಆದಮ್ಮನಿಗೆ ಉಳಿದ ನೆಲಕ್ಕೆ ಹನಿ ನೀರು ಹರಿಯಲಿಲ್ಲ. ನಾಲ್ಕು ವರ್ಷ ಒದ್ದಾಡಿ ಅದನ್ನೂ ಗೌಡರಿಗೇ ಬರೆದುಕೊಟ್ಟಳು. ಬರೆದುಕೊಟ್ಟ ಮರುವರ್ಷವೇ ಅಲ್ಲಿಗೂ ನೀರು ಹರಿಯಿತು. ಅಂದಿನಿಂದ ಅದೇ ಹೊಲದಲ್ಲಿ ಕೂಲಿಗೆ ಭತ್ತ ನಾಟಿ ಮಾಡುತ್ತಾಳೆ.

ಗಿಡ್ಡಪ್ಪ ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಕಿದ್ದನ್ನು ಉಂಡ, ಕರೆದರೆ ಓಗೊಟ್ಟ. ಕಾಡಿನ ಮಾತನ್ನು ಮಾತ್ರ ಮತ್ತೆಂದೂ ಎತ್ತಲಿಲ್ಲ. ಹದಿನೈದು ವರ್ಷದಲ್ಲಿ ಊರ ಸುತ್ತ ಜಾಲಿಯೂ ಉಳಿಯಲಿಲ್ಲ, ಎಲ್ಲ ಕಡಿದು ಭತ್ತದ ಮಡಿ ಮಾಡಿದರು. ಅವನು ಕುರಿಗಳನ್ನು ದಿನಾ ಇನ್ನಷ್ಟು ದೂರ, ನೀರು ಹರಿಯದ ಸಂತೆಕಲ್ಲೂರಿನ ಬೆದ್ದಲಿನ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದ.

*

ಹೊತ್ತು ನೆತ್ತಿಗೆ ಬರುವಾಗ ಬಾಲಪ್ಪಗೌಡರು ಬಂದರು. ಕೈಯಲ್ಲಿ ಹೂವಿನ ಹಾರ, ಹಿಂದೆ ಆಳಿನ ತಲೆಯ ಮೇಲೆ ಹೊಸ ಧೋತರ, ತೆಂಗಿನಕಾಯಿ. ಹಾರ ಹಾಕಿ ಕೈಮುಗಿದು, ಹೊರಗೆ ಹಾಸಿದ್ದ ಜಮಖಾನೆಯ ಮೇಲೆ ಕೂತರು. ಗಿಡ್ಡಪ್ಪನ ಬೆದ್ದಲು ಹೊಲದಲ್ಲಿ ಕುಣಿ ತೋಡಿಸಿದ್ದಾಗಿತ್ತು, ಅಲ್ಲಿಗೆ ಹೋಗಲು ಗೌಡರ ಗದ್ದೆಯ ಬದುವೇ ದಾರಿ.

"ನಾಟಿ ನಡದೈತಿ, ಇರಲಿ. ಬದುವಿನ ಮ್ಯಾಲಿಂದನ ಒಯ್ಯಿರಿ. ನಾನೂ ಹೆಗಲ ಕೊಡ್ತೀನಿ," ಎಂದರು. ದೊಡ್ಡ ಮನಸ್ಸು ಎಂದು ನಾಲ್ಕು ಮಂದಿ ತಲೆದೂಗಿದರು. ಗೌಡರ ಟ್ರ್ಯಾಕ್ಟರ್ ಹೊಡೆಯುವ ಕನಕರಾಯ ಎದ್ದು ನಿಂತು ಕೈಮುಗಿದ.

ಅದೇ ಹೊತ್ತಿಗೆ ಬಿಳಿ ಟೋಪಿಯ ಮುದುಕನೊಬ್ಬ ಕೋಲೂರಿಕೊಂಡು ಅಂಗಳಕ್ಕೆ ಬಂದ. ಬಸ್ಸಿಳಿದು ಎರಡು ಮೈಲು ನಡೆದಿದ್ದ. ಸೀದಾ ಹೆಣದ ಮುಂದೆ ಹೋಗಿ ಕುಕ್ಕರಿಸಿದ.

"ಗಿಡ್ಡ್ಯಾ," ಎಂದ. ಆಮೇಲೆ ಯಮನೂರಮ್ಮನ ಕಡೆ ನೋಡಿ ದನಿ ತಗ್ಗಿಸಿದ. "ತಂಗೀ, ನಾ ಇಸ್ಮಾಯಿಲ್. ಹೊಳಿಯೂ ಕಟ್ಟಿಗಿ ಚೂರು ಮುಂದಿನವನ ಬೆನ್ನಿಗೆ ಸಿಗಿಸ್ತಿದ್ವಿ ಅಂತ ಹೇಳ್ತಿದ್ನಲ್ಲಾ. ಆ ಬೆನ್ನು ನಂದು."

ಯಮನೂರಮ್ಮ ಬೆಳಗಿನಿಂದ ಮೊದಲ ಸಲ ಬಾಯಿ ತೆರೆದಳು. "ಹಂಗಾರ ಖರೇನ?"

"ಎಲ್ಲಾ ಖರೆ. ಹಕ್ಕಿನೂ ಖರೆ, ಹೇಸರಗತ್ತಿನೂ ಖರೆ. ಅಂವ ಕಡಿಮಿನ ಹೇಳ್ಯಾನ. ಬಾಲ ಇಲ್ಲದ ಮಂಗ್ಯಾ ಇದ್ವು, ಮುಂಜಾನೆದ್ದು ಗಂಡ ಹೆಣ್ತಿ ಮರದ ತುದ್ಯಾಗ ಕುಂತು ಹಾಡ್ತಿದ್ವು. ಒಂದು ಎತ್ತಿದ್ರ ಇನ್ನೊಂದು ಮುಗಸೂದು. ಅದನ್ನ ಕೇಳಿ ನಿನ್ನ ನೆನಸಿ ಅಳ್ತಿದ್ದ. ಅದನ್ನ ಹೇಳಿದ್ನಿಲ್ಲೋ?"

"ಹೇಳಿದ್ದಿಲ್ಲ."

"ನಾಚಿಕಿ ಬಂದಿರಬೇಕು."

ಯಮನೂರಮ್ಮ ಗಂಡನ ಕಟ್ಟಿದ ಗದ್ದ ನೋಡಿದಳು. "ಮತ್ತ ಅವತ್ತ ಯಾಕ ಹಂಗಂದಿ ಅಣ್ಣಾ? ನಿನ್ನ ಒಂದು ಮಾತಿಗೆ ಕಾದಿದ್ದ."

ಮುದುಕ ಕೋಲಿನ ತುದಿಯಿಂದ ನೆಲ ಕೆರೆದ. "ಗೌಡ್ರ ಆಳು ಬಂದಾಗ ಅಂಗಡಿ ಮುಂದ ಮಂದಿ ನಿಂತಿತ್ತು. ರಜಾಕಾರರ ಗದ್ದಲ ಆಗಿ ಒಂಬತ್ತು ವರ್ಷ ಆಗಿತ್ತು, ನಮ್ಮನ್ನ ನೋಡೂ ಕಣ್ಣು ಬದಲಾಗಿದ್ದಿಲ್ಲ. ಪಲ್ಟನ್ನಿನ್ಯಾಗ ಇದ್ದೆ ಅಂದ್ರ, ಬಂದೂಕ ಹಿಡದಾಂವ ಅಂತ ಪೊಲೀಸ್ರು ಮತ್ತ ಹೆಸರು ಬರಕೊಳ್ತಾರ ಅಂತ ಅಂಜಿದೆ. ಮನಿಯಾಗ ಮೂರು ಕೂಸು. ಯಾತಕ್ಕ ಕೇಳಾಕತ್ಯಾರ ಅಂತನೂ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲ ಮಾರಿ ತೋರಸಾಕ ಆಗಲಿಲ್ಲ."

"ಈಗ ಹೇಳು. ಅವರೆಲ್ಲಾ ಹೊರಗ ಕುಂತಾರ. ಇವನ್ನ ಎತ್ತೂದ್ರಾಗ ಹೇಳು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕನಕರಾಯ ಒಳಗೆ ಬಗ್ಗಿದ. "ಯವ್ವಾ, ಬ್ಯಾಡ. ನಾಳಿ ನಾ ಅವರ ಮನಿಗೇ ಹೋಗಬೇಕು."

"ನೀ ನಿಮ್ಮಪ್ಪನ ಮಗ ಹೌದಿಲ್ಲೋ?" ಎಂದಳು ಯಮನೂರಮ್ಮ. ಅವನು ತಲೆ ತಗ್ಗಿಸಿ ಹೊರಗೆ ಹೋದ.

ಇಸ್ಮಾಯಿಲ್‌ಸಾಬ್ ಎದ್ದ. ಜಮಖಾನೆಯ ಮುಂದೆ ಹೋಗಿ ನಿಂತ. ದನಿ ಗಟ್ಟಿಯಾಗಿತ್ತು.

"ಗೌಡ್ರೇ, ನಾ ಅವತ್ತ ಸುಳ್ಳು ಹೇಳಿದ್ದೆ. ನಾವಿಬ್ಬರೂ ಆ ಕಾಡಿನ್ಯಾಗ ಇದ್ವಿ. ಗಿಡ್ಡಪ್ಪ ಹೇಳಿದ್ದೆಲ್ಲಾ ನಾ ಕಣ್ಣಾರೆ ಕಂಡೀನಿ."

ಗೌಡರು ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ಯಾರು ಸುಳ್ಳಂದ್ರೋ ಸಾಬಾ? ಕಾಡಿತ್ತು, ಹಕ್ಕಿತ್ತು, ಎಲ್ಲಾ ಇತ್ತು. ಹೋದಾವನ ಮಾತು ನಾವ್ಯಾಕ ಇಲ್ಲ ಅನ್ನೂಣು? ಏನ್ರಪಾ?"

"ಹೌದ್ರಿ, ಹೌದ್ರಿ. ಖರೇನ," ಎಂದರು ಎಲ್ಲರೂ. ಮತ್ತೆ ಕಾಡಿನ ಸುದ್ದಿ ಹೇಳಿಯಾನು ಎಂದು ಬೆಳಗ್ಗೆ ನಗಿಸಿದ ಮುದುಕನೂ ತಲೆ ಆಡಿಸಿ, "ಭಾಳ ತಿಳದಾಂವ ಇದ್ದ," ಎಂದ.

"ಹಂಗಾರ ಕಲ್ಲಿನ ಮಾತೂ..." ಎಂದು ಸಾಬ್ ಶುರು ಮಾಡಿದ.

"ಚಾ ತರ್ರಿ ಸಾಬಗ. ದೂರದಿಂದ ಬಂದಾನ," ಎಂದರು ಗೌಡರು. ಚಹಾ ಬಂತು. ಒಂದು ಕಾಡನ್ನು ಊರಿಗೆ ಊರೇ ಒಂದು ಗುಟುಕಿನಲ್ಲಿ ಒಪ್ಪಿಕೊಂಡು ಮುಗಿಸಿತ್ತು, ಈಗ ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಒಳಗಿನಿಂದ ಅದನ್ನೆಲ್ಲ ಕೇಳಿದ ಯಮನೂರಮ್ಮ ಗಂಡನ ಮೊಣಕಾಲು ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ದನಿ ತೆಗೆದಳು.

"ಆಕಾಶ ಕಾಣದ ಕಾಡಿಗ್ಹೋಗಿದ್ಯಲ್ಲೋ ನನ ರಾಜಾ..."

"ಹೋಗಿದ್ಯಲ್ಲೋ ನನ್ನಪ್ಪಾ..." ಎಂದು ಸೂಗಮ್ಮ ಕೊನೆ ಹಿಡಿದಳು. ಕಾದು ಕೂತಿದ್ದ ಹೆಂಗಸರಿಗೆ ಜೀವ ಬಂತು. ಎಲ್ಲರೂ ಒಟ್ಟಿಗೆ ಎದೆ ಬಡಿದುಕೊಂಡರು.

"ದನಿಯಿಲ್ಲದ ಗತ್ತಿ ಹೊಡಕೊಂಡು ಬೆಟ್ಟಾ ಏರಿದ್ಯೋ... ಹಕ್ಕಿ ಹಣ್ಣು ತಂದು ಉಣಸೂದು ಕಂಡು ಬಂದ್ಯೋ... ಬಂದು ಹೇಳಿದ್ರ ನಾ ನಕ್ಕೆನಲ್ಲೋ, ಪಾಪಿ, ಊರ ಮುಂದ ನಕ್ಕೆನಲ್ಲೋ..."

"ನಕ್ಕೆನಲ್ಲೋ ನನ್ನಪ್ಪಾ..."

ಯಮನೂರಮ್ಮ ಬಾಗಿಲ ಕಡೆ ತಿರುಗಿದಳು. ಜಮಖಾನೆಯ ಮೇಲಿದ್ದವರ ಕಿವಿಗೆ ಬೀಳಲೆಂದು ಪ್ರಾಣ ಕಿತ್ತುಬರುವಂತೆ ಕೂಗಿದಳು.

"ಹಕ್ಕಿ ಕಂಡ ಕಣ್ಣಲೇ ಕಲ್ಲೂ ಕಂಡಿದ್ಯಲ್ಲೋ... ಗೌಡ್ರ ಆಳು ಹಾರಿ ಹಾಕಿ ಮೀಟಿದ್ದ ಕಂಡಿದ್ಯೋ... ಮೂವತ್ತ ಹೆಜ್ಜಿ ಎಣಿಸಿ ಬಂದಿದ್ಯೋ... ಆದಮ್ಮನ ಹೊಲಾ ನುಂಗಿದ್ರಲ್ಲೋ..."

"ನುಂಗಿದ್ರಲ್ಲೋ ನನ್ನಪ್ಪಾ..." ಎಂದರು ಸೂಗಮ್ಮ ಮತ್ತು ಇಪ್ಪತ್ತು ಹೆಂಗಸರು, ಅದೇ ಧಾಟಿಯಲ್ಲಿ, ಅದೇ ಕಣ್ಣೀರಲ್ಲಿ. ಹಾಡ್ಯಾಡಿ ಅಳುವವಳ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಎಷ್ಟು ಚೆನ್ನಾಗಿ ಅತ್ತಳು ಎಂದಷ್ಟೇ ನೋಡುತ್ತಾರೆ. ಹೊರಗೆ ಹೆಣ ಹೊರುವ ಸಿದಿಗೆಗೆ ಹಗ್ಗ ಬಿಗಿಯುತ್ತಿದ್ದವರು ಬಿಗಿಯುತ್ತಲೇ ಇದ್ದರು. "ಈಗ ನೋಡು, ದುಃಖಾ ಹೊರಗ ಬಿತ್ತು. ಛಲೋ ಆತು," ಎಂದ ಒಬ್ಬ.

ಕೇಳಿಸಿಕೊಂಡವರು ಇಬ್ಬರೇ. ಕೊಟ್ಟಿಗೆಯ ಕಂಬದ ಬಳಿ ಆದಮ್ಮ ಕೈ ಬಿಟ್ಟು ನೆಟ್ಟಗೆ ನಿಂತಳು. ಜಮಖಾನೆಯ ಮೇಲೆ ಬಾಲಪ್ಪಗೌಡರು ಚಹಾದ ಬಸಿ ಕೆಳಗಿಟ್ಟು ಆ ಕಡೆ ನೋಡಿದರು.

"ಏ, ಹಲಗಿಯವರು ಯಾಕ ಸುಮ್ನ ನಿಂತೀರಿ? ಬಾರಸ್ರಿ. ಹೊತ್ತಾತು, ಎತ್ತೂಣು."

ಹಲಗೆಯ ಸದ್ದಿನಲ್ಲಿ ಯಮನೂರಮ್ಮನ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಅಷ್ಟೇ.

*

ಕೂತಂತೆಯೇ ಗಿಡ್ಡಪ್ಪನನ್ನು ಸಿದಿಗೆಗೆ ಏರಿಸಿ ಹೊರಟರು. ಮುಂದಿನ ಬಲ ಹೆಗಲು ಗೌಡರದು, ಎಡ ಹೆಗಲು ಕನಕರಾಯನದು. ಬದು ಇಕ್ಕಟ್ಟು, ಎರಡೂ ಕಡೆ ಕೆಸರುನೀರು. ಬಲಗಡೆಯ ಮಡಿಯಲ್ಲಿ ನಾಟಿಯ ಹೆಂಗಸರು ಸಾಲು ಹಿಡಿದು ಬಗ್ಗಿದ್ದರು. ಗುತ್ತಿಗೆಯ ಕೆಲಸ, ಸಂಜೆಯೊಳಗೆ ಮುಗಿಸಬೇಕು. ಹಲಗೆ ಹತ್ತಿರ ಬಂದಾಗ ಒಮ್ಮೆ ಎದ್ದು ಕೈಮುಗಿದು ಮತ್ತೆ ಬಗ್ಗಿದರು.

ಅರ್ಧ ದಾರಿಯಲ್ಲಿ ಸಿದಿಗೆಯನ್ನು ಒಮ್ಮೆ ಇಳಿಸಿ, ಹೊತ್ತವರು ಹಿಂದುಮುಂದಾಗಿ ಮತ್ತೆ ಎತ್ತುವುದು ರೂಢಿ. ಬದುವಿನ ಮೇಲೆ ನೆಟ್ಟಿದ್ದ ಅದೇ ಎಲ್ಲೆಕಲ್ಲಿನ ಹತ್ತಿರ ನೆಲ ಸ್ವಲ್ಪ ಅಗಲವಾಗಿತ್ತು. ಈಗ ಆ ಕಲ್ಲಿಗೆ ಕೆಲಸವೇ ಇರಲಿಲ್ಲ. ಎರಡೂ ಕಡೆಯ ನೆಲ ಗೌಡರದೇ ಆಗಿತ್ತು, ಎತ್ತುಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು.

"ಇಲ್ಲೇ ಇಳಸ್ರಿ."

ಹಲಗೆ ನಿಂತಿತು. ಹೇಳಿದವಳು ಆದಮ್ಮ. ಹಿಂದಿನ ಹೆಂಗಸರ ಗುಂಪಿನಿಂದ ಜನರನ್ನು ಸರಿಸಿಕೊಂಡು ಮುಂದೆ ಬಂದಿದ್ದಳು. ಮಾತಿನ ಅಭ್ಯಾಸ ಬಿಟ್ಟ ದನಿ, ಒಡೆದುಹೋಗಿತ್ತು.

"ಈ ಕಲ್ಲಿನ ಮುಂದ ಇಳಸ್ರಿ ಅವನ್ನ. ಒಂದು ಗಳಿಗಿ."

ಹೊತ್ತವರು ಗೌಡರ ಮುಖ ನೋಡಿದರು. ಕನಕರಾಯನೂ ನೋಡಿದ. ಅವನ ಮೊಣಕಾಲು ಬಾಗಲು ಹೊರಟಿತ್ತು, ಆದರೆ ಒಂದು ಹೆಗಲು ಇಳಿದರೆ ಸಿದಿಗೆ ಇಳಿಯುವುದಿಲ್ಲ.

"ಇಲ್ಲಿ ಜಾರಿಕಿ ಭಾಳೈತಿ. ಮುಂದ ಇಳಸೂಣು, ನಡೀರಿ," ಎಂದರು ಗೌಡರು. ದನಿಯಲ್ಲಿ ಸಿಟ್ಟಿರಲಿಲ್ಲ. ಹಲಗೆ ಮತ್ತೆ ಎದ್ದಿತು. ಜನ ನಡೆದರು, ಕನಕರಾಯನೂ ನಡೆದ.

ಆದಮ್ಮ ನಡೆಯಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕಲ್ಲಿಗೆ ಬೆನ್ನು ಕೊಟ್ಟು, ಅದನ್ನು ಹೊತ್ತು ತಂದಿದ್ದ ದಿಕ್ಕಿಗೆ, ಬಲಗಡೆಯ ಮಡಿಗೆ ಇಳಿದಳು. ಕೆಸರಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಹೋದಳು. ತುಟಿ ಅಲುಗುತ್ತಿತ್ತು. ಗುಂಪಿನ ಕೊನೆಯಲ್ಲಿದ್ದ ಯಮನೂರಮ್ಮ ಬದುವಿನ ಮೇಲೆಯೇ ನಿಂತಳು. ಇಸ್ಮಾಯಿಲ್‌ಸಾಬ್ ಅವಳ ಪಕ್ಕ ಕೋಲೂರಿ ನಿಂತ. ಮೂವತ್ತು ಎಣಿಸಿದ ಮೇಲೆ ಆದಮ್ಮ ನಿಂತಳು. ಎರಡೂ ಕೈ ಕೆಳಗೆ ಬಿಟ್ಟು, ಊರ ಕಡೆಗೆ ಮುಖ ಮಾಡಿ, ಅಲುಗದೆ ನಿಂತಳು.

ನಾಟಿಯ ಸಾಲು ಸರಿಯುತ್ತ ಬಂದು ಅವಳನ್ನು ಮುಟ್ಟಿತು. "ಸರಿ ಬೇ ಆದಮ್ಮ, ಹೊತ್ತು ಮುಣಗ್ತೈತಿ," ಎಂದಳು ಒಬ್ಬಳು. ಆದಮ್ಮ ಸರಿಯಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವಳ ಕಾಲ ಸುತ್ತ ಒಂದು ಮೊಳ ಜಾಗ ಬಿಟ್ಟು, ಆಚೆಗೂ ಈಚೆಗೂ ಸಸಿ ಊರುತ್ತ ಮುಂದಕ್ಕೆ ಹೋದರು.